ಹೊಸ್ತಿಲ ಬಳಿಯ ಚಪ್ಪಲಿ ಮತ್ತು ನಾಪತ್ತೆಯಾದ ಗಂಡ

ಮಾನ್ಯ ತಹಸೀಲ್ದಾರ ಸಾಹೇಬರೇ,

ತಮ್ಮ ಕಚೇರಿಯ ದಾಖಲೆಯ ಪ್ರಕಾರ ನಾಪತ್ತೆಯಾಗಿರುವ ಮನುಷ್ಯನೊಬ್ಬ ತಮಗೆ ಈ ಪತ್ರ ಬರೆಯುತ್ತಿದ್ದಾನೆ. ನಾಪತ್ತೆಯಾದವರಿಂದ ತಮಗೆ ಪತ್ರಗಳು ಬರುವುದು ಕಡಿಮೆ ಇರಬಹುದು, ಆದ್ದರಿಂದ ಗಾಬರಿಪಡಿಸಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ದೂರು ಇಷ್ಟೇ. ಹದಿನೆಂಟು ವರ್ಷಗಳಿಂದ ನನ್ನೊಂದಿಗೆ ಸಂಸಾರ ಮಾಡುತ್ತಿರುವ ನನ್ನ ಹೆಂಡತಿ ರುಕ್ಮವ್ವಳನ್ನು ತಮ್ಮ ಕಚೇರಿ ಈ ವರ್ಷ, ಅಂದರೆ ಸಾವಿರದ ಒಂಬೈನೂರ ತೊಂಬತ್ನಾಲ್ಕರ ಮಳೆಗಾಲದಲ್ಲಿ, 'ಪರಿತ್ಯಕ್ತೆ' ಎಂದು ಬರೆದುಕೊಂಡಿದೆ. ಅಂದರೆ ಗಂಡ ಬಿಟ್ಟವಳು. ಬಿಟ್ಟ ಗಂಡ ನಾನೇ. ಬಿಟ್ಟಿದ್ದು ನನಗೆ ಗೊತ್ತಿರಲಿಲ್ಲ, ಸರಕಾರ ತಿಳಿಸಿದ ಮೇಲೆ ತಿಳಿಯಿತು.

ಊರ ಹೆಸರು ಬರೆಯುವುದಿಲ್ಲ, ಅದು ತಮ್ಮ ದಾಖಲೆಯಲ್ಲಿದೆ. ಕೃಷ್ಣಾ ಹೊಳೆಯ ದಂಡೆ, ಎತ್ತ ನೋಡಿದರೂ ಕಬ್ಬು, ಅಷ್ಟು ಸಾಕು. ಹೆಸರು ಬರೆದರೆ ಈ ವರದಿ ಬರೆದ ನಮ್ಮ ತಲಾಠಿಯವರ, ಅಂದರೆ ಊರ ಲೆಕ್ಕಿಗರ, ಗುರುತು ಸಿಕ್ಕಿ ಅವರ ಹೆಸರು ಕೆಟ್ಟೀತು. ಒಬ್ಬರ ಹೆಸರು ಕೆಟ್ಟರೆ ಮನೆಯಲ್ಲಿ ಏನಾಗುತ್ತದೆ ಎಂಬುದು ನನಗೆ ಈಗ ಚೆನ್ನಾಗಿ ಗೊತ್ತಿದೆ.

ನಾನು ನಿಪ್ಪಾಣಿಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಹನ್ನೆರಡು ವರ್ಷಗಳಿಂದ ಲಾರಿ ಓಡಿಸುತ್ತೇನೆ. ಹೋಗುವಾಗ ನಮ್ಮ ಕಡೆಯ ಕಾರ್ಖಾನೆಗಳ ಸಕ್ಕರೆ, ಬರುವಾಗ ಅದೇ ಕಾರ್ಖಾನೆಗಳಿಗೆ ಕಲ್ಕತ್ತೆಯ ಗೋಣಿಚೀಲ. ಸೊಲ್ಲಾಪುರ, ನಾಗಪುರ, ರಾಯಪುರ, ಸಂಬಲಪುರ ದಾಟಿ ಕಲ್ಕತ್ತೆ ಮುಟ್ಟಿ ಹಿಂದಿರುಗಲು ಇಪ್ಪತ್ತೆರಡು ದಿನ ಬೇಕು, ಅದೂ ಗಾಡಿ ತಡೆದು ತಪಾಸಿಸುವ ಎಲ್ಲ ನಾಕಾಗಳಲ್ಲಿ ಸಾಹೇಬರುಗಳ ಹೊಟ್ಟೆ ಸರಿಯಿದ್ದರೆ. ಡ್ರೈವರನ ಕೆಲಸವೆಂದರೆ ಕುಂತಲ್ಲೇ ದೇಶ ನೋಡುವುದು ಎಂದು ತಮ್ಮ ಗುಮಾಸ್ತರೊಬ್ಬರು ನನಗೆ ಹೇಳಿದರು. ನಿಜ, ದೇಶ ನೋಡಿದ್ದೇನೆ. ಹೆಚ್ಚಾಗಿ ಮುಂದಿನ ಲಾರಿಯ ಹಿಂಬದಿಯನ್ನು ನೋಡಿದ್ದೇನೆ. ಲೋಡಿಗೆ ಕಾಯಬೇಕು, ತೂಕಕ್ಕೆ ಕಾಯಬೇಕು, ನಾಕಾದಲ್ಲಿ ಕಾಯಬೇಕು, ಮುಟ್ಟಿದ ಮೇಲೆ ಖಾಲಿ ಮಾಡುವ ಹಮಾಲರ ದಾರಿ ಕಾಯಬೇಕು. ನಡುನಡುವೆ ಸ್ವಲ್ಪ ಹೊತ್ತು ಲಾರಿ ಓಡಿಸಲು ಬಿಡುತ್ತಾರೆ, ಅದೇ ನಮಗೆ ವಿಶ್ರಾಂತಿ. ನನ್ನ ಜೋಡಿ ಡ್ರೈವರ್ ಹಾಲಸಿದ್ದ ಕುರಿ ಕಾಯ್ದು ಬೆಳೆದವನು. ಈಗಲೂ ಘಾಟು ಹತ್ತುವಾಗ ಬಾಯಲ್ಲಿ ಕುರಿ ಹೊಡೆಯುವ ಶಬ್ದ ಮಾಡುತ್ತಾನೆ. ಲಾರಿ ಹತ್ತುತ್ತದೆ ಕೂಡ. ಯಾವುದಾದರೂ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ ಸ್ಟೋವ್ ಹಚ್ಚಿ ಕಡಲೆಹಿಟ್ಟಿನ ಜುಣಕ ಮಾಡಿದರೆ, ಮನೆಯಿಂದ ಕಟ್ಟಿಕೊಂಡು ಬಂದ ಒಣ ಕಟಕ ರೊಟ್ಟಿ ಹದಿನೈದು ದಿನ ಸಾಕಾಗುತ್ತದೆ. ಹದಿನಾರನೇ ದಿನದಿಂದ ನಾವು ಮನೆಯ ಮಾತು ಆಡುವುದನ್ನು ಬಿಡುತ್ತೇವೆ, ಹಸಿವು ಹೆಚ್ಚಾಗುತ್ತದೆ ಎಂದು.

ಈಗ ನಮ್ಮ ಓಣಿಯ ಒಂದು ರೂಢಿಯನ್ನು ತಮಗೆ ತಿಳಿಸಬೇಕು. ಓಣಿಯಲ್ಲಿ ಹನ್ನೊಂದು ಮನೆ ಡ್ರೈವರರದು. ಲಾರಿ ಹತ್ತಿದವನ ಬಗ್ಗೆ ಈ ಮನೆಗಳಲ್ಲಿ ಯಾರೂ 'ಹೋಗ್ಯಾನ' ಎನ್ನುವುದಿಲ್ಲ. ಆ ಮಾತನ್ನು ತೀರಿಕೊಂಡವರಿಗೆ ಮೀಸಲಿಟ್ಟಿದ್ದೇವೆ. ಇಬ್ಬರು ಹಾಗೆ ಹೋಗಿದ್ದಾರೆ, ಒಬ್ಬ ಘಾಟಿನಲ್ಲಿ, ಒಬ್ಬ ಜ್ವರದಿಂದ ಯಾವುದೋ ಪೆಟ್ರೋಲ್ ಪಂಪಿನ ಕಟ್ಟೆಯ ಮೇಲೆ. ಆದ್ದರಿಂದ ದಾರಿಯ ಮೇಲಿರುವ ಗಂಡಸು ಎಲ್ಲಿದ್ದಾನೆ ಎಂದು ಯಾರೇ ಕೇಳಲಿ, ಉತ್ತರ ಒಂದೇ: 'ಬರಾಕತ್ತಾರ', ಅಂದರೆ ಬರುತ್ತಿದ್ದಾರೆ. ನಿನ್ನೆ ಹೊರಟಿದ್ದರೂ ಬರಾಕತ್ತಾರ, ಕಲ್ಕತ್ತೆಯಲ್ಲಿದ್ದರೂ ಬರಾಕತ್ತಾರ. ಜೊತೆಗೆ ಅವನ ಒಂದು ಜೊತೆ ಹಳೆ ಚಪ್ಪಲಿಯನ್ನು ಹೊಸ್ತಿಲ ಬಳಿ ಒಳಮುಖವಾಗಿ ಇಡುತ್ತಾರೆ, ಈಗಷ್ಟೇ ಬಿಟ್ಟು ಒಳಗೆ ನಡೆದ ಹಾಗೆ. ಚಪ್ಪಲಿ ಹೀಗಿಟ್ಟರೆ ಬ್ರೇಕು ಹಿಡಿಯುತ್ತದೆ ಎಂದು ನಾನೇನೂ ನಂಬುವುದಿಲ್ಲ. ಬ್ರೇಕು ಹಿಡಿಯುವುದು ಬ್ರೇಕ್ ಎಣ್ಣೆಯಿಂದ. ಆದರೆ ಸಂಬಲಪುರದ ಆಚೆ ಯಾವುದೋ ಕಾಡಿನಲ್ಲಿ ಟಾಯರು ಬಿಚ್ಚುತ್ತ ಕುಳಿತಾಗ, ನನ್ನ ಚಪ್ಪಲಿ ಮನೆ ಮುಟ್ಟಿವೆ ಎಂಬುದು ನೆನಪಾಗಿ ಸಮಾಧಾನವಾಗುತ್ತದೆ.

ಬೇಸಿಗೆಯ ಕೊನೆಗೆ ರೇಶನ್ ಕಾರ್ಡುಗಳ ಮರುತಪಾಸಣೆ ಬಂತು. ತಲಾಠಿಯವರು ನಮ್ಮ ಮನೆಗೆ ಬಂದರು. ನಾನು ಆಗ ನಾಗಪುರದ ಆಸುಪಾಸು ಇದ್ದೆ.

"ಎಲ್ಲಿ ನಿನ್ನ ಗಂಡ?"

"ಬರಾಕತ್ತಾರ್ರಿ," ಎಂದಳು ರುಕ್ಮವ್ವ.

ತಲಾಠಿಯವರು ಹೊಸ್ತಿಲು ನೋಡಿದರು. ಚಪ್ಪಲಿ ಒಳಮುಖವಾಗಿವೆ. ಅವರು ಬುದ್ಧಿವಂತರು, ಮನುಷ್ಯ ಹಿತ್ತಿಲಿಗೆ ಹೋಗಿರಬೇಕು ಎಂದುಕೊಂಡು ಕಟ್ಟೆಯ ಮೇಲೆ ಕುಳಿತರು. ಎರಡು ತಾಸು ಕುಳಿತರು. ಎರಡು ಸಲ ಚಹಾ ಆಯಿತು. ನನ್ನ ತಾಯಿ ಹೊಳೆವ್ವ ಎಲೆ ಅಡಿಕೆಯ ತಾಟು ಮುಂದಿಟ್ಟು, "ಅವಸರ ಮಾಡಬ್ಯಾಡ ತಮ್ಮಾ, ಇನ್ನೇನ ಬಂದ್ರ ಬಂದಂಗ," ಎಂದು ಧೈರ್ಯ ಹೇಳಿದಳು. ಎಂಟು ದಿನ ಬಿಟ್ಟು ಮತ್ತೆ ಬಂದರು. ಅದೇ ಉತ್ತರ, ಅದೇ ಚಪ್ಪಲಿ, ಅದೇ ಚಹಾ. ಮೂರನೇ ಸಲ ಬಂದಾಗ ಬಗ್ಗಿ ಚಪ್ಪಲಿಯನ್ನು ಕೈಯಲ್ಲೆತ್ತಿಕೊಂಡು ನೋಡಿದರಂತೆ. ಒಳಗೆ ಜೇಡ ಬಲೆ ಕಟ್ಟಿತ್ತು.

ಅವರ ವರದಿಯ ನಕಲನ್ನು ಆಮೇಲೆ ನೋಡಿದೆ. ಅಕ್ಷರ ಮುತ್ತಿನಂತಿವೆ. 'ಸದರಿ ಮಹಿಳೆಯು ಪತಿಯು ಬರುತ್ತಿರುವುದಾಗಿ ಮೂರು ಬಾರಿ ಸುಳ್ಳು ಮಾಹಿತಿ ನೀಡಿ, ಬಳಸದ ಪಾದರಕ್ಷೆಗಳನ್ನು ಬಾಗಿಲಲ್ಲಿಟ್ಟು ಸರಕಾರಿ ನೌಕರನ ದಾರಿ ತಪ್ಪಿಸಿರುತ್ತಾಳೆ. ಪತಿಯು ನಾಪತ್ತೆ. ಮಹಿಳೆ ಪರಿತ್ಯಕ್ತೆ.' ಸಾಹೇಬರೇ, ಮೂರು ಬಾರಿ ಬಂದು ಆರು ಕಪ್ಪು ಚಹಾ ಕುಡಿದವರಿಗೆ, ಇವನು ಏನು ಕೆಲಸ ಮಾಡುತ್ತಾನೆ ಎಂದು ಪಕ್ಕದ ಮನೆಯಲ್ಲಿ ಒಂದು ಮಾತು ಕೇಳಲು ಸಾಧ್ಯವಾಗಲಿಲ್ಲವೇ? ಕಟ್ಟೆಯ ಗೋಡೆಯ ಮೇಲೆ ಲಾರಿಯ ಮುಂದೆ ಹಾರ ಹಾಕಿಕೊಂಡು ನಿಂತ ನನ್ನ ಫೋಟೋ ಇದೆ, ಅದರ ಕೆಳಗೇ ಅವರು ಕುಳಿತಿದ್ದರು. ಬಹುಶಃ ಹಾರ ನೋಡಿ ಬೇರೆ ಅರ್ಥ ಮಾಡಿಕೊಂಡಿರಬೇಕು. ಹಾಗಿದ್ದರೆ ವಿಧವೆ ಎಂದು ಬರೆಯದೆ ಪರಿತ್ಯಕ್ತೆ ಎಂದಷ್ಟೇ ಬರೆದದ್ದು ಅವರ ದೊಡ್ಡ ಗುಣ.

ಸರಕಾರದ ಕೆಲಸ ನಿಧಾನ ಎಂದು ಯಾರು ಹೇಳಿದರು? ಐದು ವರ್ಷ ಓಡಾಡಿದರೂ ನಮ್ಮ ಓಣಿಗೆ ಒಂದು ಬೀದಿ ದೀಪ ಬರಲಿಲ್ಲ. ಆದರೆ ಹೆಂಡತಿಯನ್ನು ಪರಿತ್ಯಕ್ತೆ ಮಾಡುವ ಕಾಗದ ಹದಿನೇಳು ದಿನಗಳಲ್ಲಿ ಮನೆ ಬಾಗಿಲಿಗೆ ಬಂತು, ಜೊತೆಗೆ ಮಾಸಾಶನದ ಅರ್ಜಿ ಫಾರ್ಮು ಬೇರೆ. ಪೋಸ್ಟಿನವನು ಅದನ್ನು ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದ. ಅಂದಿನಿಂದ ರುಕ್ಮವ್ವ ಹೊಳೆಗೆ ಬಟ್ಟೆ ಒಗೆಯಲು ಉಳಿದವರೆಲ್ಲ ಮನೆಗೆ ಬಂದ ಮೇಲೆ ಹೋಗತೊಡಗಿದಳು.

ನಾನು ಊರಿಗೆ ಬಂದವನೇ ತಮ್ಮ ಕಚೇರಿಗೆ ಓಡಿದೆ. ಸಾಕ್ಷಿಯಾಗಿ ಬೇರೇನೂ ಹೊಳೆಯದೆ ನನ್ನನ್ನೇ ತಂದಿದ್ದೆ. ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವು ಇಲ್ಲೆ ನಿಂತೀರಿ, ಖರೆ ಐತಿ. ಆದ್ರ ಕಾಗದದಾಗ ಮನ್ಯಾಗಿಲ್ಲ ಅಂತೈತಿ. ಈಗೂ ಮನ್ಯಾಗಿಲ್ಲಲ್ರಿ."

"ಮನ್ಯಾಗಿದ್ರ ನಿಮ್ಮ ಮುಂದ ಹೆಂಗ ಬರ್ಲ್ರಿ?"

"ಅದ ಹೇಳಾಕತ್ತೇನಿ. ತಲಾಠಿಯವರು ಬಂದಾಗ ಮನ್ಯಾಗಿರ್ರಿ. ಸೋಮವಾರ ಬರ್ತಾರ."

ಒಂದು ಟ್ರಿಪ್ಪು ಬಿಟ್ಟು ಸೋಮವಾರ ಮನೆಯಲ್ಲಿ ಕುಳಿತೆ. ಮಂಗಳವಾರವೂ ಕುಳಿತೆ. ಹನ್ನೆರಡು ವರ್ಷಗಳಲ್ಲಿ ನಾನು ಸತತ ಎರಡು ದಿನ ಮನೆಯಲ್ಲಿ ಕುಳಿತದ್ದು ಅದೇ ಮೊದಲು. ತಾಯಿಗೆ ನನ್ನ ಆರೋಗ್ಯದ ಬಗ್ಗೆ ಸಂಶಯ ಬಂತು. ಬುಧವಾರ ಮತ್ತೆ ಕಚೇರಿಗೆ ಬಂದು, ತಲಾಠಿಯವರು ಎಲ್ಲಿ ಎಂದು ತಮ್ಮ ಸಿಪಾಯಿಯನ್ನು ಕೇಳಿದೆ.

"ಬರಾಕತ್ತಾರ, ಕೂಡ್ರಿ," ಎಂದ.

"ಮತ್ತ ತಹಸೀಲ್ದಾರ ಸಾಹೇಬ್ರು?"

"ಅವರೂ ಬರಾಕತ್ತಾರ. ಕೋಟ ಕಾಣವಲ್ದೇನು ಕುರ್ಚಿ ಮ್ಯಾಲ?"

ಸಾಹೇಬರೇ, ಇಣುಕಿ ನೋಡಿದೆ. ತಮ್ಮ ಕುರ್ಚಿಯ ಬೆನ್ನಿಗೆ ಬೂದು ಬಣ್ಣದ ಕೋಟು ಇತ್ತು, ಮೇಜಿನ ಮೇಲೆ ಕನ್ನಡಕದ ಡಬ್ಬಿ ಇತ್ತು. ಈಗಷ್ಟೇ ಎದ್ದು ಪಕ್ಕದ ಕೋಣೆಗೆ ಹೋದ ಹಾಗೆ. ನಾನು ಬಿಸಿಲು ಇಳಿಯುವ ತನಕ ಕುಳಿತೆ. ನನಗೆ ಯಾರೂ ಚಹಾ ಕೊಡಲಿಲ್ಲ. ಕಬ್ಬಿನ ತಂಟೆಗೆಂದು ಬಂದ ಚಿಂಚಲಿ ಕಡೆಯ ಅಜ್ಜ ಒಬ್ಬ ಪಕ್ಕದಲ್ಲಿದ್ದ. ಆ ಕೋಟನ್ನು ತಾನು ಯುಗಾದಿಯಿಂದ ನೋಡುತ್ತಿರುವುದಾಗಿ ಹೇಳಿದ. ತಮ್ಮ ಕೋಟಿಗೂ ನನ್ನ ಚಪ್ಪಲಿಗೂ ಏನು ವ್ಯತ್ಯಾಸ ಎಂದು ಕೇಳುವುದು ಉದ್ಧಟತನವಾದೀತು, ಆದರೂ ಕೇಳುತ್ತೇನೆ. ತಾವು ಇಲ್ಲದಾಗ ತಮ್ಮ ಸಿಪಾಯಿ ಆಡುವ ಮಾತು ಕಚೇರಿಯ ಶಿಸ್ತು, ನಾನು ಇಲ್ಲದಾಗ ನನ್ನ ಹೆಂಡತಿ ಆಡುವ ಅದೇ ಮಾತು ಸುಳ್ಳು ಮಾಹಿತಿಯೇ? ನಾನಾದರೂ ದಾರಿಯ ಮೇಲಿದ್ದೆ, ಚಕ್ರ ತಿರುಗುತ್ತಿತ್ತು, ನಿಜಕ್ಕೂ ಬರುತ್ತಿದ್ದೆ. ತಾವು ಎಲ್ಲಿಂದ ಬರುತ್ತಿದ್ದಿರಿ? ತಮ್ಮನ್ನು ನಾಪತ್ತೆ ಎಂದು ಯಾವ ತಲಾಠಿ ಬರೆದ?

ಇಲ್ಲಿಯವರೆಗಿನದನ್ನು ನಗುತ್ತಲೇ ಬರೆದೆ. ಲಾರಿ ನಿಲ್ಲಿಸಿ ನಾಲ್ಕು ಜನ ಡ್ರೈವರರು ಕೂಡಿದಾಗ ಈ ಕಥೆ ಹೇಳಿ ಬಹಳ ನಗಿಸಿದ್ದೇನೆ. ಮುಂದಿನದನ್ನು ಅಲ್ಲಿ ಹೇಳಿಲ್ಲ.

ಗುಮಾಸ್ತರು ಹೆಂಡತಿಯ ಜಬಾನಿ, ಅಂದರೆ ಬಾಯಿ ಹೇಳಿಕೆ, ಬೇಕೆಂದರು. ಅವರು ಕೊಟ್ಟ ತಾರೀಖಿಗೆ ನಾನು ಲೋಡು ಹೊತ್ತು ಹೊರಟಿರಬೇಕಿತ್ತು. "ಕೇಳಿದ್ದಕ್ಕ ನೆಟ್ಟಗ ಉತ್ರಾ ಕೊಡು, ಹೆದರಬ್ಯಾಡ," ಎಂದು ರುಕ್ಮವ್ವನಿಗೆ ನಾನೇ ಹೇಳಿಕೊಟ್ಟೆ. ಈ ತಪ್ಪು ನನ್ನದು, ಇದನ್ನು ತಮ್ಮ ಮೇಲೆ ಹಾಕುವುದಿಲ್ಲ. ಅವಳು ನನ್ನ ತಾಯಿಯ ಜೊತೆಗೆ ಕಚೇರಿಗೆ ಬಂದಳು. ಗಂಡ ಎಲ್ಲಿ ಎಂದಾಗ ಎಂದಿನಂತೆ ಬರಾಕತ್ತಾರ ಎಂದಳು. ಗುಮಾಸ್ತರು ಪೆನ್ನು ಕೆಳಗಿಟ್ಟರು.

"ಇದ ಮಾತಿಗೆ ಇಷ್ಟ ಆಗಿದ್ದು. ಹೋಗ್ಯಾನೋ, ಮನ್ಯಾಗದಾನೋ? ಎರಡರಾಗ ಒಂದ ಹೇಳು."

ಹಿಂದೆ ಸಾಲಿನಲ್ಲಿದ್ದವರು ಗೊಣಗಿದರಂತೆ. ನೆಟ್ಟಗೆ ಉತ್ತರ ಕೊಡು ಎಂದು ನಾನು ಹೇಳಿದ್ದೆನಲ್ಲ, ಕೊಟ್ಟಳು. "ಹೋಗ್ಯಾರ್ರಿ," ಎಂದಳು. ಬರೆದುಕೊಂಡು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಪಕ್ಕದಲ್ಲಿದ್ದ ನನ್ನ ತಾಯಿ ಮುಖಕ್ಕೆ ಸೆರಗು ಹಿಡಿದಳು.

ಆ ಟ್ರಿಪ್ಪಿನಲ್ಲಿ ಹಿಂದಿರುಗುವಾಗ ಒರಿಸ್ಸಾದಲ್ಲಿ ಸೇತುವೆಯ ಮೇಲೆ ನೀರು ಬಂದು ಎಂಟು ದಿನ ಸಿಕ್ಕಿಕೊಂಡೆವು. ಫೋನಿನ ತಂತಿ ಹರಿದಿತ್ತು, ಕಂಪನಿಗೆ ಟ್ರಂಕ್ ಕಾಲ್ ಹತ್ತಲಿಲ್ಲ. ನಮಗೇನೂ ಆಗಲಿಲ್ಲ. ಹಾಲಸಿದ್ದ ಪಕ್ಕದ ಹಳ್ಳಿಯವರ ಆಡು ಕಾಯ್ದು ಹಾಲು ಗಿಟ್ಟಿಸಿದ, ನಾನು ಗೋಣಿಚೀಲಗಳ ಮೇಲೆ ಮಲಗಿ ನಿದ್ದೆ ಮಾಡಿದೆ. ಇತ್ತ ಇಪ್ಪತ್ತೆರಡು ದಿನ ದಾಟಿ ಇನ್ನೂ ನಾಲ್ಕೈದು ದಿನ ಕಾದ ಮೇಲೆ ರುಕ್ಮವ್ವ ಬಸ್ಸು ಹತ್ತಿ ನಿಪ್ಪಾಣಿಗೆ ಬಂದು ಕಂಪನಿಯ ಗೇಟಿನ ಬಳಿ ಕುಳಿತಳು. ಮೂರು ದಿನ ಕುಳಿತಳು. ರಾತ್ರಿ ಹಮಾಲರ ಹೆಂಗಸರು ತಮ್ಮ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಮಾಲಕ ಬಾಬಾಸಾಹೇಬರು, ಊರಿಗೆ ಹೋಗವ್ವಾ, ಸುದ್ದಿ ಬಂದ ಕೂಡಲೇ ತಿಳಿಸುತ್ತೇನೆ ಎಂದು ಕೈಮುಗಿದರಂತೆ. ಅದಕ್ಕೆ ಅವಳು, "ನಾ ಆಡಬಾರದ ಮಾತ ಆಡೇನ್ರಿ ಮಾಲಕರ. ಅವರು ಬಂದ ಮ್ಯಾಲ ಕೂಡೇ ಹೋಗ್ತೇವ್ರಿ," ಎಂದಳಂತೆ.

ಮಧ್ಯಾಹ್ನ ಗಾಡಿ ಗೇಟಿಗೆ ತಿರುಗಿಸಿದಾಗ ಹಾಲಸಿದ್ದ, "ಅಣ್ಣಾ, ವೈನಿ ಕುಂತಾರ ನೋಡು," ಎಂದ. ನಾನು ಇಳಿದೆ. ಅವಳು ಎದ್ದು ನಿಂತು ನನ್ನ ಕಾಲಿನಿಂದ ತಲೆಯವರೆಗೂ ನೋಡಿ, "ಬಂದ್ರಿ?" ಎಂದು ಅಷ್ಟೇ ಕೇಳಿದಳು. ಆಮೇಲೆ ಹಮಾಲರೆಲ್ಲರ ಎದುರಿಗೆ ಅತ್ತಳು. ಹದಿನೆಂಟು ವರ್ಷಗಳಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ತಮ್ಮ ಮೇಲೆ ಸಿಟ್ಟು ಬಂದದ್ದು ಪರಿತ್ಯಕ್ತೆ ಎಂಬ ಕಾಗದ ಕಂಡಾಗಲ್ಲ, ಅಂದು, ಆ ಗೇಟಿನಲ್ಲಿ.

ಈಗ ತಮ್ಮ ಕಚೇರಿ ಹೇಳುವುದೇನೆಂದರೆ, ಪತಿ ಹೋಗಿರುವುದಾಗಿ ಪತ್ನಿಯೇ ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾಳೆ, ಆದ್ದರಿಂದ ದಾಖಲೆ ಕಾಯಂ. ಬರುತ್ತಿದ್ದಾನೆ ಎಂದಾಗ ಅವಳು ಸುಳ್ಳುಗಾತಿ, ಹೋಗಿದ್ದಾನೆ ಎಂದಾಗ ಸತ್ಯವಂತೆ.

ನನ್ನ ಬೇಡಿಕೆಯಲ್ಲಿ ರೇಶನ್ನಿನ ಸಕ್ಕರೆಯೂ ಇಲ್ಲ, ಚಿಮಣಿ ಎಣ್ಣೆಯೂ ಇಲ್ಲ. ಹನ್ನೆರಡು ವರ್ಷ ಸಕ್ಕರೆಯನ್ನೇ ಹೊತ್ತವನು ನಾನು, ಅರ್ಧ ಕಿಲೋಗೆ ತಮ್ಮ ಬಾಗಿಲು ಕಾಯುವುದಿಲ್ಲ. ಅವಳ ಹೆಬ್ಬೆಟ್ಟು ಇರುವ ಆ ಒಂದು ಹಾಳೆ ಬೇಕು. ತಾವೇ ಬಂದು ಅವಳ ಕೈಗೆ ಕೊಡಬೇಕು. ಅವಳು ಅದನ್ನು ಕೃಷ್ಣೆಗೆ ಬಿಡುತ್ತಾಳೆ. ಗಂಡ ಎಲ್ಲಿದ್ದಾನೆ ಎಂಬ ಕಾಲಮಿನಲ್ಲಿ ಅವಳು ಮೊದಲು ಹೇಳಿದ ಮಾತನ್ನೇ ಬರೆಸಬೇಕು.

ಇದು ಬೇಗ ಆಗಬೇಕು, ಏಕೆಂದರೆ ಬರುವ ಗುರುವಾರ ನನಗೆ ಮತ್ತೆ ಕಲ್ಕತ್ತೆಯ ಲೋಡಿದೆ. ನಿನ್ನೆ ರೊಟ್ಟಿ ಕಟ್ಟುತ್ತ ಕುಳಿತ ರುಕ್ಮವ್ವ ಹಳೆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಕೇಳಿದಳು: "ಇವನ್ನ ಇಡ್ಲೋ ಬ್ಯಾಡೋ? ಸರಕಾರದಾಗ ಗುನ್ಹೆ ಆಗೂದಿಲ್ಲೇನ್ರಿ?" ಈ ಪ್ರಶ್ನೆ ತಮ್ಮ ಕಚೇರಿಗೆ ಸೇರಿದ್ದು. ಗುರುವಾರದೊಳಗೆ ತಾವು ತಿಳಿಸಿ. ಅಲ್ಲಿಯವರೆಗೆ ಚಪ್ಪಲಿ ಅಟ್ಟದ ಮೇಲಿವೆ.

ಇಂತಿ,
ತಮ್ಮ ದಫ್ತರದಲ್ಲಿ ಹೋಗಿರುವ, ನನ್ನ ತಾಯಿಯ ಬಾಯಲ್ಲಿ ಇನ್ನೂ ಬರುತ್ತಿರುವ,
ಧರೆಪ್ಪ, ಲಾರಿ ಡ್ರೈವರ್