ಅಕ್ಕನ ಮನೆಯ ಗೋಡೆ ತೂಗಿದ್ದು

ಧಾರವಾಡ
ಸನ್ ೨೨೪೧, ಧೂಳು ತಿಂಗಳು, ಒಂಬತ್ತನೇ ದಿನ

ಹಿಂದಿನ ಕಾಲದ ಹಿರಿಯರಿಗೆ ಬಾಳವ್ವನ ಶರಣು.

ನನ್ನ ಅಕ್ಷರ ಸೊಟ್ಟ. ನಾಲ್ಕನೇ ಇಯತ್ತೆಯವರೆಗೆ ಮಾತ್ರ ಕಲಿತವಳು. ಕಾಗುಣಿತ ತಪ್ಪಿದ್ದರೆ, ನಮ್ಮ ಕಾಲದ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಧೂಳು ತಿಂಗಳು ನಿಮಗಿಲ್ಲ. ಆಗ ಹೊರಗೆಲ್ಲ ಸುಡುವ ಧೂಳು. ಬಾಗಿಲು ಕಿಟಕಿಗಳಿಗೆ ಅಂಟು ಬಳಿದು ಒಳಗಿರುತ್ತೇವೆ. ನಮ್ಮ ಉಸಿರಿನ, ಒಲೆಯ, ಸ್ನಾನದ ಆವಿಯನ್ನು ಗೋಡೆಯೇ ಹೊರಗೆ ಬಿಡಬೇಕು. ಅದಕ್ಕೇ ಯಾರೇ ಹೊಸ ಮನೆ ಹೊಗುವ ಮೊದಲು ಆವಿತೂಕ ಮಾಡಿಸುತ್ತಾರೆ. ಅದು ನನ್ನ ಕೆಲಸ. ಆ ಮನೆಯದೇ ಮಣ್ಣು, ಗಿಲಾವಿನಿಂದ ಒಂದು ಬಿಲ್ಲೆ ಮಾಡಿ, ನೀರಿರುವ ಬಟ್ಟಲಿನ ಬಾಯಿಗೆ ಮುಚ್ಚಿ, ಅಂಚಿಗೆ ಜೇನುಮೇಣ ಹಚ್ಚುತ್ತೇನೆ. ಇಪ್ಪತ್ತೊಂದು ಬೆಳಗು ತೂಗಬೇಕು. ಕಡಿಮೆಯಾದ ತೂಕವೇ ಬಿಲ್ಲೆ ದಾಟಿ ಹೋದ ಆವಿ. ಮೇಣ ಬಿರಿದರೆ ಆವಿ ಅಂಚಿನಿಂದಲೇ ಹೋಗಿ ತೂಕ ಸುಳ್ಳಾಗುತ್ತದೆ. ಮತ್ತೆ ಮೊದಲಿನಿಂದ ಎಣಿಸಬೇಕು.

ಅಕ್ಕ ಗಂಗಮಾಳವ್ವನ ಮನೆಯನ್ನೂ ನಾನೇ ತೂಗಿದೆ. ಆಗ ಅವಳು ಎಂಟು ತಿಂಗಳ ಬಸುರಿ. ದಿನಾ ಬಂದು ಕೆಣಕುತ್ತಿದ್ದಳು: "ಏನವ್ವಾ ತಕ್ಕಡಿ ದೊರಸಾನಿ, ನಿನ್ನ ಬಟ್ಲ ಹಡಿಯೂದ್ರಾಗ ನಾನ ಹಡೀತೀನಿ ನೋಡು!"

ನಾಲ್ಕನೇ ದಿನ ಮೇಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಹೆಬ್ಬೆರಳಿನಿಂದ ತಿಕ್ಕಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ತೂಕ ಚೆನ್ನಾಗಿ ಇಳಿಯುತ್ತ ಹೋಯಿತು. ಗೋಡೆ ಆವಿ ಬಿಡುತ್ತದೆಂದು ಬರೆದುಕೊಟ್ಟೆ. ಬಿರುಕು ಒಳಗೆ ಹಾಗೇ ಇತ್ತು. ಗೋಡೆ ಏನನ್ನೂ ಬಿಡುತ್ತಿರಲಿಲ್ಲ.

ಹೋದ ವರ್ಷದ ಧೂಳು ತಿಂಗಳಲ್ಲಿ ತೊಟ್ಟಿಲ ಹಿಂದೆ ಕಪ್ಪು ಬೂಷ್ಟು ಹಬ್ಬಿತು. ಕೂಸು ಕೆಮ್ಮಿತು. ಐದು ತಿಂಗಳಿಗೆ ಹೋಯಿತು. ಪಾರಿ ಅಂತ ಕರೆಯುತ್ತಿದ್ದೆವು.

ಅಕ್ಕನ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಾರೆ: "ಮೂರೂ ಹೊತ್ತು ಹಸಿ ಅರಿವಿ ಒಳಗ ಹರವಾಕಿ. ಗ್ವಾಡಿ ಪಾಪ ಏನ್ ಮಾಡೀತು?" ಅಕ್ಕ ಅದನ್ನೇ ನಂಬಿದ್ದಾಳೆ. ತಲೆ ತೊಳೆದರೂ ಕೂದಲು ಬಿಚ್ಚುವುದಿಲ್ಲ, ಅದರ ತೇವಕ್ಕೂ ಹೆದರುತ್ತಾಳೆ. ಈ ಧೂಳು ತಿಂಗಳು ಅವಳ ಮನೆಯಲ್ಲೇ ಇರುವ ನಾನು ನಿಜ ಹೇಳಲೆಂದು ಹತ್ತಿರ ಕೂತು, ಬೇರೆ ಮಾತಾಡಿ ಏಳುತ್ತೇನೆ. ನಿಮ್ಮ ಮುಖ ಕಾಣುವುದಿಲ್ಲವಲ್ಲ, ನಿಮಗೆ ಹೇಳುವುದು ಸುಲಭ.

ನೀವು ಗೋಡೆ ಕಟ್ಟುವಾಗ ದಯವಿಟ್ಟು ಅದನ್ನು ತೂಗಿಸಿರಿ. ತೂಗುವವಳು 'ಮತ್ತೆ ಮೊದಲಿನಿಂದ' ಅಂದರೆ ಬೈಯಬೇಡಿ. ನನಗೆ ಯಾರೂ ಬೈದಿರಲಿಲ್ಲ. ಅಕ್ಕ ನಗುತ್ತಿದ್ದಳು, ಅಷ್ಟೇ.

ಇವತ್ತು ಬೆಳಗ್ಗೆ ಆ ಹಳೆಯ ತೂಕದ ಪಟ್ಟಿಯಲ್ಲಿ 'ಮೇಣ ಬಿರಿದಿತ್ತು, ನೋಡಿದ್ದೆ' ಎಂದು ಬರೆದೆ. ರೊಟ್ಟಿ ಬಡಿಯುತ್ತಿದ್ದ ಅಕ್ಕನ ಪಕ್ಕದಲ್ಲಿಟ್ಟೆ. ಅವಳು ಕೈ ಒರೆಸಿಕೊಂಡು ಓದಿ ಮುಗಿಸುವವರೆಗೂ ಎದ್ದು ಹೋಗದೆ ಅಲ್ಲೇ ಕೂತೆ.