ಲೆಕ್ಕಕ್ಕೆ ಸೇರದ ಅಂಕಗಳು

ಸೇಡಂ
೯ ಮಾರ್ಚ್, ಸೋಮವಾರ

ರಾಧಿಕಾಳ ಅಪ್ಪಾಜಿಗೆ ಜೈಭೀಮ್.

ಎರಡು ವರ್ಷಗಳ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ. ನಾವಿಬ್ಬರೂ ಕ್ಷೇಮ. ರಾಧಿಕಾ ಎಂಟನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಾಳೆ. ಶನಿವಾರದ ಚರ್ಚೆಯಲ್ಲಿ ನಾನು ನಿಮಗೆ ಹಾಕಿದ ಅಂಕಗಳನ್ನು ತಿಳಿಸುವುದಕ್ಕಷ್ಟೇ ಈ ಪತ್ರ. ಬೇರೆ ಉದ್ದೇಶವಿಲ್ಲ.

ನಾನು ಬೇಕೆಂದೇ ಬಂದು ನಿಮ್ಮೆದುರು ಕೂತೆ ಎಂದು ತಿಳಿಯಬೇಡಿ. ಚಂದಾಪುರದ ಕೇಬಲ್ ಚಾನೆಲ್ಲಿನ ರತ್ನದೀಪ ನಮ್ಮ ಕಾಲೇಜಿಗೆ ಫೋನ್ ಮಾಡಿ, ಪುರಸಭೆ ಚುನಾವಣೆಗೆ ನಿಂತವರ ಚರ್ಚೆಗೆ ಅಂಕ ಕೊಡಲು ಬೇರೆ ಊರಿನ ಮೂವರು ಬೇಕು ಎಂದಿದ್ದರು. ಕನ್ನಡ ಉಪನ್ಯಾಸಕಿ ಎಂದು ಪ್ರಾಂಶುಪಾಲರು ನನ್ನ ಹೆಸರು ಕೊಟ್ಟರು. ನೀವು ಚುನಾವಣೆಗೆ ನಿಂತದ್ದು ಗೊತ್ತಿತ್ತು. ಅಂದಿನ ಚರ್ಚೆ ನಿಮ್ಮ ವಾರ್ಡಿನದೇ ಎಂದು ತಿಳಿದದ್ದು ಸ್ಟುಡಿಯೋಕ್ಕೆ ಬಂದ ಮೇಲೆ. ಇವರು ನಮ್ಮ ಮನೆಯವರು, ನಾನು ತೀರ್ಪು ಕೊಡುವುದು ಸರಿಯಲ್ಲ ಎಂದು ರತ್ನದೀಪ ಅವರಿಗೆ ಹೇಳಿದೆ. “ಹತ್ತು ನಿಮಿಷದಾಗ ಶುರು ಅದ ಮೇಡಂ. ನಿಮ್ಮ ಅಂಕ ಲೆಕ್ಕಕ್ಕ ಹಿಡಿಯಂಗಿಲ್ಲ. ಖುರ್ಚಿ ಖಾಲಿ ಕಾಣಬಾರ್ದು, ಸುಮ್ನ ಕುಂದ್ರಿ” ಎಂದರು. ಕೂತೆ. ಆದರೂ ಪೆನ್ಸಿಲ್ ಕೈಬಿಡಲಿಲ್ಲ.

ಉಚ್ಚಾರಕ್ಕೆ ಹತ್ತಕ್ಕೆ ಒಂಬತ್ತು. ನಿಮ್ಮ ದನಿ ಹಾಗೇ ಇದೆ. ಜೊತೆಗೆ ನಿಂತ ಅಭ್ಯರ್ಥಿ ಪೀರಪ್ಪನವರ ಮಾತಿಗೆ ನೀವು ಎರಡು ಸಲ ಅಡ್ಡ ಬಾಯಿ ಹಾಕಿದಿರಿ, ನಾಲ್ಕು ಅಂಕ ಕಳೆದೆ. ಒಂದು ಹೆಚ್ಚಾಗಿಯೇ ಕಳೆದಿರಬೇಕು. ಸೇಡಂನ ಈ ನೌಕರಿಯ ವಿಷಯ ನಿಮಗೆ ಹೇಳಲು ನಾನು ಮೂರು ಸಲ ಬಾಯಿ ತೆರೆದಿದ್ದೆ, ಒಮ್ಮೆಯೂ ಪೂರ್ತಿ ಹೇಳಲು ಬಿಟ್ಟಿರಲಿಲ್ಲ ನೀವು. ಆ ಸಿಟ್ಟು ಪೆನ್ಸಿಲ್ಲಿಗೆ ಇಳಿದಿತ್ತು.

ಆಮೇಲೆ ನಿಮ್ಮ ಇನ್ನೊಬ್ಬ ಎದುರಾಳಿ ಜೈತುನ್‌ಬೀ ಎದ್ದರು. ನಲ್ಲಿಯಲ್ಲಿ ನೀರಿದೆ, ಆದರೆ ಬಿಡುವುದು ನಡು ಮಧ್ಯಾಹ್ನ, ಹೆಂಗಸರು ಕೂಲಿ ಬಿಟ್ಟು ಕೊಡ ಹಿಡಿದು ಕಾಯಬೇಕು ಎಂದು ಹೇಳುತ್ತ ಹೇಳುತ್ತ ತಡವರಿಸಿದರು. ಅಷ್ಟರಲ್ಲಿ ಸಮಯ ಮುಗಿದ ಗಂಟೆ ಹೊಡೆಯಿತು. ನೀವು ಕೈ ಎತ್ತಿದಿರಿ. ಶುರುವಾಯಿತು ಎಂದುಕೊಂಡು ನಾನು ಅಂಕ ಕಳೆಯಲು ಸಿದ್ಧಳಾದೆ. ನೀವು ಅಂದದ್ದು, “ನನ್ನ ಪಾಳಿ ಒಳಗಿಂದ ಅರ್ಧ ನಿಮಿಷ ಅವರಿಗೆ ಕೊಡ್ರಿ. ಮಾತು ಮುಗಿಸಲಿ.”

ಅವರು ಮುಗಿಸಿದರು. ಆಗ ನೀವು, “ಅಕ್ಕೋರು ಹೇಳಿದ್ದು ಖರೆ ಅದ. ಹೊಸ ಬೋರು ಕೊರೆಸ್ತೀನಿ ಅಂತ ನಾ ಅಂದಿದ್ದು ತಪ್ಪು. ಇದು ನನಗ ಹೊಳೆದೇ ಇರಲಿಲ್ಲ” ಎಂದಿರಿ.

ಹದಿನಾಲ್ಕು ವರ್ಷದ ಸಂಸಾರದಲ್ಲಿ ಆ ‘ತಪ್ಪು’ ಎಂಬ ಮಾತು ನಿಮ್ಮ ಬಾಯಿಂದ ನಾನು ಕೇಳಿರಲಿಲ್ಲ. ಪಕ್ಕದ ತೀರ್ಪುಗಾರರು, ಎದುರಾಳಿಗೆ ಒಪ್ಪಿಗೆ ಕೊಟ್ಟು ಸೋತ ಎಂದು ಗೊಣಗಿ ಅಂಕ ಇಳಿಸಿದರು. ನಾನು ‘ಆಲಿಸುವಿಕೆ’ ಎಂಬ ಹೊಸ ಕಾಲಂ ಎಳೆದು ಹತ್ತಕ್ಕೆ ಹತ್ತು ಹಾಕಿದೆ.

ಜೈತುನ್‌ಬೀ ಮೊದಲು, ನೀವು ಎರಡನೆಯವರು ಎಂದು ಸಾರಿದಾಗ ನಿಮ್ಮ ಕಾರ್ಯಕರ್ತರು ಮುಖ ಸಿಂಡರಿಸಿದರು. ನೀವು ನಕ್ಕು ಜೈತುನ್‌ಬೀಗೆ ಕೈ ಮುಗಿದಿರಿ. ನಿಮ್ಮನ್ನು ಮಾತನಾಡಿಸದೆ ಹಿಂದಿನ ಬಾಗಿಲಿನಿಂದ ಹೊರಟದ್ದು ಸಿಟ್ಟಿನಿಂದಲ್ಲ. ಕಣ್ಣು ಒದ್ದೆಯಾಗಿತ್ತು, ಕ್ಯಾಮೆರಾದವರು ಅಲ್ಲೇ ಇದ್ದರು.

ಮನೆ ಮುಟ್ಟಿದಾಗ ರಾಧಿಕಾ ಫೋನಿನಲ್ಲಿ ಅದೇ ಭಾಗ ಮತ್ತೆ ಮತ್ತೆ ಹಾಕಿ ನೋಡುತ್ತಿದ್ದಳು. “ಅಮ್ಮಾ, ಅಪ್ಪಾಜಿ ಕೇಳಿಸ್ಕೊಳ್ಳಾಕತ್ತಾರ, ನೋಡಿಲ್ಲಿ” ಎಂದಳು.

ನೀವು ಗೆಲ್ಲುತ್ತೀರೋ ಇಲ್ಲವೋ ತಿಳಿಯದು. ಗೆದ್ದರೆ ಆ ನೀರಿನ ಹೊತ್ತು ಬದಲಿಸಿ, ಸೋತರೆ ಜೈತುನ್‌ಬೀ ಜೊತೆ ನಿಂತು ಬದಲಿಸಿ. ಬಿಸಿಲು ಭಾಳ ಇದೆ, ಪ್ರಚಾರಕ್ಕೆ ಹೋಗುವಾಗ ತಲೆಗೆ ಟವೆಲ್ ಸುತ್ತಿಕೊಳ್ಳಿ.

ಇಂತಿ,
ಲುಂಬಿನಿ

ಹಿಂಬರಹ: ವಿಚ್ಛೇದನದ ಕಾಗದಕ್ಕೆ ಇದೇ ಹದಿನೆಂಟಕ್ಕೆ ಕೋರ್ಟಿನಲ್ಲಿ ನಮ್ಮಿಬ್ಬರ ಸಹಿ ಆಗಬೇಕಿದೆಯಲ್ಲ, ಆ ದಿನಕ್ಕೆ ಹಾಕಿದ್ದ ರಜೆ ಅರ್ಜಿಯನ್ನು ಇವತ್ತು ಬೆಳಿಗ್ಗೆ ವಾಪಸ್ ತೆಗೆದುಕೊಂಡೆ.