ಐದು ಎಳೆಯ ಗಂಟು

ಕಾಪು
೧೪ ಡಿಸೆಂಬರ್ ೧೯೮೭

ಪ್ರೀತಿಯ ಅಣ್ಣಾ,

ಕ್ಷೇಮವೇ? ಕೊಚ್ಚಿಯ ನೀರು ಒಗ್ಗಿತೇ, ಬೆನ್ನುನೋವು ಇಳಿಯಿತೇ? ಅಮ್ಮ ಚೆನ್ನಾಗಿದ್ದಾಳೆ, ಬೆಳಗ್ಗೆಯೇ ಹರಿದ ಬಲೆ ಹಿಡಿದು ಅಂಗಳದಲ್ಲಿ ಕೂತಿದ್ದಾಳೆ. ನಾನು ಎಂದಿನಂತೆ ಬಸ್ಸು ಹಿಡಿದು ನಿಟ್ಟೆಯ ಕಾಲೇಜಿಗೆ ಪಾಠ ಮಾಡಲು ಹೋಗಿಬರುತ್ತಿದ್ದೇನೆ.

ನಿನ್ನ ಕಾಗದ ಬಂತು. ನಿಮ್ಮ ಕಂಪೆನಿಯ ಹೊಸ ಫೈಬರ್ ದೋಣಿಯ ಚಿತ್ರ ಕಂಪ್ಯೂಟರಿನಲ್ಲಿ ಎಲ್ಲ ಕಡೆ ನುಣುಪಾಗಿ ಬರುತ್ತದೆ, ಮೂತಿಯಲ್ಲಿ ಮಾತ್ರ ಗಂಟು ಏಳುತ್ತದೆ, ಯಾಕೆ ಎಂದು ಕೇಳಿದ್ದೀಯಲ್ಲ. ಅಂತೂ ತಂಗಿ ಇದ್ದಾಳೆಂದು ನೆನಪಾಯಿತು, ಸಂತೋಷ. ಚೌತಿಗೆ ಬಂದಾಗ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ್ದೆ: ದೋಣಿಯನ್ನು ಮೊದಲು ಒರಟು ಚೌಕಗಳ ಬಲೆಯಾಗಿ ಬರೆಯಬೇಕು, ಪ್ರತಿ ಚೌಕದ ನಡುವೆ, ಪ್ರತಿ ಗೆರೆಯ ಹತ್ತಿರ ಹೊಸ ಬಿಂದು ಇಟ್ಟು ಹಳೆಯ ಮೂಲೆಗಳನ್ನು ಸ್ವಲ್ಪ ಸರಿಸಬೇಕು, ಹೀಗೆ ಒಡೆಯುತ್ತಾ ಹೋದರೆ ಮೂಲೆಗಳೆಲ್ಲ ಸವೆದು ಮೈ ನುಣುಪಾಗುತ್ತದೆ. ವಿಧಾನ ಹೊರದೇಶದವರದು, ನಮ್ಮ ದೋಣಿಗೆ ಹೊಂದಿಸಿ ಪ್ರೋಗ್ರಾಂ ಬರೆದವಳು ನಾನು. ನೀನು ಹೇಳದೆ ಕೇಳದೆ ಆ ಪ್ರೋಗ್ರಾಮಿನ ಫ್ಲಾಪಿ ಕೊಂಡುಹೋಗಿ ಕಂಪೆನಿಯಲ್ಲಿ ನಿನ್ನ ಹೆಸರು ಹಾಕಿಕೊಂಡೆ. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಅಮ್ಮ ವಿಚಾರಿಸಿದಾಗ, "ಸರಸ ಎಂತ ಮಾಡಿದ್ದು? ಟೈಪ್ ಮಾಡಿ ಕೊಟ್ಟದ್ದು, ಅಷ್ಟೆ" ಎಂದೆಯಲ್ಲ, ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಓದುವ ಹುಡುಗನೆಂದು ನಿನ್ನನ್ನು ಯಾರೂ ಬಲೆ ಕಟ್ಟಲು ಕೂರಿಸಲಿಲ್ಲ. ನಾನು ಓದುತ್ತಲೇ ಕಟ್ಟಿದೆ. ಬಲೆಯ ಗಂಟಿಗೆ ನಾಲ್ಕು ಎಳೆ; ಬಲೆ ಅಗಲಿಸುವ ಕಡೆ ಮಾತ್ರ ಒಂದು ಎಳೆ ಹೆಚ್ಚು ಸೇರುತ್ತದೆ, ಆ ಗಂಟು ಬಿಗಿಯುವ ರೀತಿಯೇ ಬೇರೆ. ದೋಣಿಯ ಮೂತಿಯೂ ಹಾಗೆಯೇ, ಉಳಿದ ಕಡೆ ಮೂಲೆಗೆ ನಾಲ್ಕು ಗೆರೆ, ಅಲ್ಲಿ ಐದು; ಐದು ಕೂಡುವಲ್ಲಿ ಮೂಲೆ ಸರಿಸುವ ಲೆಕ್ಕ ಬೇರೆ. ನಿನ್ನ ಫ್ಲಾಪಿಯಲ್ಲಿ ನಾಲ್ಕರ ಲೆಕ್ಕ ಮಾತ್ರ ಉಂಟು. ಐದರದ್ದು ಬರೆಯುವ ಮೊದಲೇ ನೀನು ಹೊತ್ತುಕೊಂಡು ಹೋದೆ. ಗೊತ್ತಿದ್ದೂ ನಾನು ಇಷ್ಟು ತಿಂಗಳು ಬಾಯಿ ಬಿಡಲಿಲ್ಲ.

ಅತ್ತಿಗೆಗೆ ಶಂಕರಪುರದ ಮಲ್ಲಿಗೆ ಕಳಿಸೋಣವೆಂದರೆ ದಾರಿಯಲ್ಲೇ ಬಾಡುತ್ತದೆ, ನಮಸ್ಕಾರ ತಿಳಿಸು. ಮಗುವಿಗೆ ಮುತ್ತು. ಅಮ್ಮನ ಆಶೀರ್ವಾದ ನಿನಗೆ ಯಾವತ್ತೂ ಉಂಟು, ನನ್ನ ಕ್ಷಮೆ ಮಾತ್ರ ಕೇಳಬೇಡ.

ನಿನ್ನ ತಂಗಿ,
ಸರಸ

ಬಸ್ಸಿಗೆ ಹೊತ್ತಾಯಿತು, ಇದೊಂದು ಬಾಕಿ: ಮೊನ್ನೆ ಮಣಿಪಾಲದ ಸೆಮಿನಾರಿನಲ್ಲಿ ಐದರ ಲೆಕ್ಕದ ಪ್ರಬಂಧವನ್ನು ನನ್ನ ಹೆಸರಿನಲ್ಲಿ ನಾನೇ ಓದಿದೆ. ನಿಮ್ಮ ಕಂಪೆನಿಯ ದೊಡ್ಡ ಎಂಜಿನಿಯರ್ ಮುಂದಿನ ಸಾಲಿನಲ್ಲಿದ್ದರು. ಮೂತಿ ಸರಿಮಾಡಲು ನನ್ನನ್ನೇ ಕರೆದಿದ್ದಾರೆ, ಸಹಾಯಕ್ಕೆ ನಿನ್ನನ್ನು ಕೊಡುತ್ತಾರಂತೆ. ಮುಂದಿನ ವಾರ ಕೊಚ್ಚಿಗೆ ಬರುತ್ತೇನೆ. ನಾನು ಹೇಳುತ್ತಾ ಹೋಗುತ್ತೇನೆ, ನೀನು ಟೈಪ್ ಮಾಡು.